ಗ್ರಹ ಒಡೆಯುವ ಫಿರಂಗಿ ಮತ್ತು ನನ್ನ ಕಿಟಕಿ ಸೀಟು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಬಸ್ಸಲ್ಲಿ ಹೋಗಿಬರುವವರು ನಗೋದಕ್ಕೆ ಅಂತ ಬೇರೆ ಎಲ್ಲೂ ಹೋಗಬೇಕಿಲ್ಲ. ಡಬ್ಬಿಂಗ್ ಸಿನಿಮಾ ಸೀಡಿಗಳು ಬಾಡಿಗೆಗೆ ಸಿಗುತ್ತಿದ್ದ ಕಾಲ. ನಾನು ಗುಂಡ್ಲುಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಮುರಿದ ಕಾಲೊಳಗೆ ರಾಡು ಕೂತಿತ್ತು. “ನಿಂತು ಹೋಗೋದಾದ್ರೆ ಕೆಲಸ ಬಿಡಿ” ಎಂದಿದ್ದರು ಡಾಕ್ಟರು. ಬೆಳಗಿನ ಬಸ್ಸಿನಲ್ಲೋ, ನಿಲ್ಲೋದಕ್ಕೂ ಪೈಪೋಟಿ.

ಟವೆಲ್ಲು, ಟಿಫಿನ್ ಬ್ಯಾಗು

ನನ್ನನ್ನು ಕಾಪಾಡಿದ್ದು ಬಾಹ್ಯಾಕಾಶ ಯುದ್ಧ. ಹರದನಹಳ್ಳಿಯ ಗುಮಾಸ್ತರೊಬ್ಬರು, ವಾಚ್ ರಿಪೇರಿಯ ಭಾಯಿ ಒಬ್ಬರು ದಿನಾ ಅದೇ ಬಸ್ಸಿಗೆ ಬರುತ್ತಿದ್ದರು. ಗುಮಾಸ್ತರ ಮೆಚ್ಚಿನ ಸಿನಿಮಾದಲ್ಲಿ ಗ್ರಹ ಒಡೆಯುವ ಫಿರಂಗಿ. ಭಾಯಿಯದರಲ್ಲಿ ಸೂರ್ಯನನ್ನೇ ಆರಿಸುವ ಬಾಂಬು. ಯಾವುದು ದೊಡ್ಡದು ಅಂತ ದಿನಾ ಜಗಳವಾಡುತ್ತಿದ್ದ ಇಬ್ಬರೂ ಒಂದು ದಿನ ನನ್ನ ಕಡೆ ತಿರುಗಿದರು.

“ಮೇಡಂ, ನೀವು ಫಿಸಿಕ್ಸು. ಯಾರ್ದು ದೊಡ್ಡದು ಹೇಳ್ಬುಡಿ.”

ಅಂದಿನಿಂದ ನ್ಯಾಯಾಧೀಶರಾದ ನನಗೆ ಸೀಟು ಹಿಡಿಯಲೆಂದು ಕಿಟಕಿಯೊಳಗೆ ಒಬ್ಬರು ಟವೆಲ್ಲು ಎಸೆಯುವರು, ಇನ್ನೊಬ್ಬರು ಟಿಫಿನ್ ಬ್ಯಾಗು ತೂರಿಸುವರು. ತೀರ್ಪು ಕೊಟ್ಟ ದಿನ ನನ್ನ ಸೀಟು ಹೋಯಿತು ಅಂತ ನನಗೆ ಗೊತ್ತಿತ್ತು. ಕೇಳಿದಾಗೆಲ್ಲ “ಲೆಕ್ಕ ಮಾಡ್ತಿದೀನಿ” ಅನ್ನುತ್ತಿದ್ದೆ. ಇಷ್ಟು ವಾಯಿದೆ ಯಾವ ಕೋರ್ಟಿನಲ್ಲೂ ಸಿಗೋದಿಲ್ಲ.

ಸೂರ್ಯನಿಗೊಂದು ಟಿಕೆಟ್

ಒಂದು ದಿನ ಇಬ್ಬರೂ ಬಿಡಲೇ ಇಲ್ಲ. ನಮ್ಮ ಕಡೆ ಕರಿಕಲ್ಲು ಕ್ವಾರಿಗಳು ಜಾಸ್ತಿ. ಅಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಯ ಲೆಕ್ಕದಲ್ಲೇ ಹೇಳಬೇಕಂತೆ. ಭೂಮಿ ಒಡೆಯಲು ಎಷ್ಟು ಕಡ್ಡಿ ಬೇಕೆಂದು ಬಸ್ ಟಿಕೆಟಿನ ಹಿಂದೆ ಬರೆಯುತ್ತಾ ಹೋದೆ. ಟಿಕೆಟ್ ಮುಗಿಯಿತು, ಸೊನ್ನೆ ಮುಗಿಯಲಿಲ್ಲ.

ಭಾಯಿ ಕಂಡಕ್ಟರನ್ನು ಕೂಗಿದರು: “ಅಣ್ಣಾ, ಮೇಡಂಗೆ ಇನ್ನೊಂದು ಟಿಕೆಟ್ ಹರಿ. ಸೂರ್ಯಂದು ಬಾಕಿ ಐತೆ.”

ಕಂಡಕ್ಟರು ಬಸ್ಸೆಲ್ಲಾ ಕಣ್ಣಾಡಿಸಿ ಕೇಳಿದ: “ಎಲ್ಲಿ ಹತ್ತುದ್ರು?”

ಮಾತು ಬಿಟ್ಟ ವಾರ

ಒಮ್ಮೆ ಜಗಳ ಮಿತಿಮೀರಿ ಇಬ್ಬರೂ ಮಾತು ಬಿಟ್ಟರು. ಸೀಟು ಹೋಯಿತೆಂದುಕೊಂಡು ಕುಂಟುತ್ತಾ ಬಂದರೆ, ಟವೆಲ್ಲೂ ಇತ್ತು, ಬ್ಯಾಗೂ ಇತ್ತು. ಗುಮಾಸ್ತರು ನನ್ನ ಮೂಲಕವೇ ಜಗಳ ಮುಂದುವರಿಸಿದರು, ಭಾಯಿಯೂ ಹಾಗೇ.

“ಅವ್ರಿಗೇಳಿ ಮೇಡಂ, ಸೂರ್ಯ ಆರೋಗೋದ್ರೊಳಗೆ ನಮ್ ಫಿರಂಗಿ ಹೊಡ್ದಿರ್ತದೆ.”

“ಕತ್ತಲಲ್ಲಿ ಗುರಿ ಹೆಂಗಿಡ್ತಾರಂತೆ, ಕೇಳಿ ಮೇಡಂ.”

ಮೂವರೂ ಕೂತಿದ್ದದ್ದು ಒಂದೇ ಸೀಟಿನಲ್ಲಿ.

ತೀರ್ಪು

ಕೊನೆಗೆ ನನಗೆ ಚಾಮರಾಜನಗರಕ್ಕೇ ವರ್ಗವಾಯಿತು. ಕೊನೆಯ ಪ್ರಯಾಣದ ದಿನ ಇಬ್ಬರೂ ಹಟ ಹಿಡಿದರು: “ಇವತ್ತು ತೀರ್ಪು ಕೊಡ್ಲೇಬೇಕು.” ಬಾಯಿ ತೆರೆದೆ. ಬಸ್ಸು ಗಕ್ಕನೆ ನಿಂತಿತು. ರಸ್ತೆ ತುಂಬ ಹುರುಳಿ ಹರಡಿ, ಗಾಡಿಗಳ ಚಕ್ರದಡಿ ಒಕ್ಕಣೆ ನಡೆದಿತ್ತು. ಅಜ್ಜಿಯೊಬ್ಬರು ಪೊರಕೆ ಹಿಡಿದು ಅಡ್ಡ ನಿಂತಿದ್ದರು.

“ಸುಮ್ನೆ ಕುಂತವ್ರೆಲ್ಲಾ ಇಳ್ಕಂಡು ಮಗುಚಾಕ್ರಲಾ! ಆಮೇಲ್ ಓಗೀರಂತೆ.”

ಗ್ರಹ ಒಡೆಯುವವರೂ ಸೂರ್ಯ ಆರಿಸುವವರೂ ಪ್ಯಾಂಟು ಮಡಚಿಕೊಂಡು ಇಳಿದರು. ನೋಡೋಣವೆಂದು ನಾನೂ ಇಳಿದೆ. ಹುರುಳಿ ಸೊಪ್ಪು ಮಗುಚಿ ಮೇಲೆ ಹತ್ತಿದರೆ, ಅಜ್ಜಿ ಸೊಸೆಗೆ ಕಾವಲು ಒಪ್ಪಿಸಿ, ಪೊರಕೆ ಸಮೇತ ನನ್ನ ಕಿಟಕಿ ಸೀಟಿನಲ್ಲಿ ಕೂತಿದ್ದರು!

“ಅವ್ವಾ, ಅದು ಮೇಡಂ ಸೀಟು...” ಗುಮಾಸ್ತರು ಶುರುಮಾಡಿದರು.

ಪೊರಕೆ ತುಸು ಮೇಲೆದ್ದಿತು.

“ಕೂತ್ಕಳವ್ವಾ, ಕೂತ್ಕೊ” ಎಂದು ಭಾಯಿ ಹಿಂದೆ ಸರಿದರು.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಗುಂಡ್ಲುಪೇಟೆಯವರೆಗೂ ನಿಂತೇ ಹೋದೆ. ಒಬ್ಬರು ನನ್ನ ಬ್ಯಾಗು ಹಿಡಿದಿದ್ದರು, ಇನ್ನೊಬ್ಬರು ನನ್ನ ತೋಳು. ಕಾಲು ನೋಯಲಿಲ್ಲ, ಇವರ ದಯೆಯಿಂದ ಅಷ್ಟೊತ್ತಿಗೆ ಮೂಳೆ ಕೂಡಿತ್ತು.

“ತೀರ್ಪು ಮೇಡಂ?” ಇಬ್ಬರೂ ಪಿಸುಗುಟ್ಟಿದರು.

“ಪೊರಕೆ” ಅಂದೆ.

ಮೊದಲ ಸಲ ಇಬ್ಬರೂ ಒಪ್ಪಿದರು.