ಫಿರಂಗಿಯ ಹೊಗೆಗೂ ಸದ್ದಿಗೂ ನಡುವಿನ ಅವಧಿಯಲ್ಲಿ ಪಾಲಿಸಬೇಕಾದ ಶಿಸ್ತು

ದೂರದರ್ಶನ ಚಿತ್ರ-ಶಬ್ದ ಹೊಂದಾಣಿಕೆ ವಿಭಾಗ, ಕೈರೋ
ಸಂಖ್ಯೆ: ಚಿ.ಶ.ಹೊ/ಫಿರಂಗಿ/24-25/ಸು-3
ದಿನಾಂಕ: ರಂಜಾನ್ ಹನ್ನೊಂದು

ಸುತ್ತೋಲೆ

ವಿಷಯ: ಸಂಜೆ ಉಪವಾಸ ಬಿಡುವ ಹೊತ್ತನ್ನು ಸಾರಲು ಪ್ರಸಾರವಾಗುವ ಫಿರಂಗಿ ಚಿತ್ರದಲ್ಲಿ ಹೊಗೆ ಮೊದಲು, ಸದ್ದು ಆಮೇಲೆ ಬರುತ್ತಿರುವ ಬಗ್ಗೆ.

ಉಲ್ಲೇಖ: (1) ರೋಡ್ ಅಲ್-ಫರಗ್ ನಿವಾಸಿ ಹಾಗ್ಗಾ ತಫೀದಾ ಅವರ ದೂರು. (2) ಧ್ವನಿ ಇಂಜಿನಿಯರ್ ಇನಾಯತ್ ಶಹೀನ್ ಅವರ ಕೇಳದೇ ಕೊಟ್ಟ ಅಭಿಪ್ರಾಯ.

1. ಸದರಿ ಫಿರಂಗಿ ಚಿತ್ರವನ್ನು ಹಿಂದೆ ಸಿನಿಮಾ ಮಂದಿರಗಳಿಗಾಗಿ ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್‌ಗಳಂತೆ ತೆಗೆಯಲಾಗಿತ್ತು. ದೂರದರ್ಶನ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ನುಂಗುತ್ತದೆ. ಆದ್ದರಿಂದ ಈ ವರ್ಷ ಟೇಪಿಗೆ ಇಳಿಸಿದಾಗ ಚಿತ್ರ ಚುರುಕಾಯಿತು, ಸದ್ದು ಹಳೆಯ ನಡಿಗೆಯಲ್ಲೇ ಉಳಿಯಿತು. ಆರಂಭದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತನೇ ನಿಮಿಷಕ್ಕೆ ಸೂರ್ಯಾಸ್ತದ ಸರಿಯಾದ ಗಳಿಗೆಗೆ ಸದ್ದು ಬರುತ್ತದೆ. ಹೊಗೆ ಮಾತ್ರ ಇಪ್ಪತ್ನಾಲ್ಕು ಸೆಕೆಂಡ್ ಮುಂಚೆಯೇ ಬಂದು ಹೋಗಿರುತ್ತದೆ.

2. ಇದರಿಂದ ಉಂಟಾದ ಪರಿಣಾಮವನ್ನು ದೂರುದಾರರ ಮಾತಿನಲ್ಲೇ ದಾಖಲಿಸಲಾಗಿದೆ: "ನಮ್ಮವರಿಗೆ ಕಿವಿ ಮಂದ, ಹೊಗೆ ನೋಡೇ ಖರ್ಜೂರ ಬಾಯಿಗೆ ಹಾಕ್ಕೊಳ್ಳೋದು. ನಾನು ಒಲೆ ಮುಂದೆ ಇರ್ತೀನಿ, ಸದ್ದು ಕೇಳಿ ಉಪವಾಸ ಬಿಡೋದು. ಹೊರಗೆ ಬಂದು ನೋಡಿದ್ರೆ ಆಗ್ಲೇ ಲೋಟ ಖಾಲಿ! 'ಉಪವಾಸ ಕೆಟ್ಟೋಯ್ತಲ್ರೀ' ಅಂದ್ರೆ, 'ನಿನಗೇ ಕಿವಿ ಕೇಳ್ಸಲ್ಲ ಕಣೇ' ಅಂತ ನನಗೇ ತಿರುಗಿ ಹೇಳ್ತಾರೆ. ನಲವತ್ತು ವರ್ಷ ಒಟ್ಟಿಗೆ ಉಪವಾಸ ಬಿಟ್ಟೋರು ನಾವು. ಇನ್ನು ನನ್ನ ಕೈಲಾಗಲ್ಲ. ಶುಬ್ರಾದಲ್ಲಿ ತಂಗಿ ಮನೇಲಿದ್ದೀನಿ, ಹಬ್ಬಕ್ಕೂ ವಾಪಸ್ ಹೋಗಲ್ಲ."

3. ಸದರಿ ಇಂಜಿನಿಯರ್ ನೀಡಿದ ಅಭಿಪ್ರಾಯ: "ಸಾಹೇಬ್ರೇ, ಚಿತ್ರ ಓಡ್ತಿದೆ, ಸದ್ದು ನಡೀತಿದೆ. ಸದ್ದನ್ನೂ ಅಷ್ಟೇ ಓಡ್ಸಿ, ಕಾರ್ಯಕ್ರಮನ ಇಪ್ಪತ್ನಾಲ್ಕು ಸೆಕೆಂಡ್ ತಡವಾಗಿ ಶುರು ಮಾಡಿದ್ರೆ ಮುಗೀತು. ಹಿಂದಿರೋ ದನಿ ಒಂದು ಚೂರು ಮೇಲಕ್ಕೆ ಹೋಗುತ್ತೆ, ಅಷ್ಟೇ." ಚಿತ್ರದ ಹಿಂದಿರುವ ವಿವರಣೆಯ ದನಿ ಈ ವಿಭಾಗದ ನಿರ್ದೇಶಕರ ಯೌವನ ಕಾಲದ ಸ್ವಂತ ದನಿಯಾಗಿದ್ದು, ಅದರ ಗಾಂಭೀರ್ಯ ಇಲಾಖೆಯ ಆಸ್ತಿಯಾಗಿರುತ್ತದೆ. ಆಸ್ತಿಯನ್ನು ಓಡಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ಅಭಿಪ್ರಾಯವನ್ನು ತಿರಸ್ಕರಿಸಲಾಗಿದೆ.

4. ಆದಕಾರಣ ಸಾರ್ವಜನಿಕರು ಇಂದಿನಿಂದ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:

(ಅ) ಹೊಗೆಯನ್ನು ತಾತ್ಕಾಲಿಕವೆಂದೂ ಸದ್ದನ್ನು ಅಂತಿಮವೆಂದೂ ಪರಿಗಣಿಸುವುದು.

(ಆ) ನಡುವಿನ ಅವಧಿಯಲ್ಲಿ ಖರ್ಜೂರವನ್ನು ಕೈಯಲ್ಲಿ ಹಿಡಿಯಬಹುದು, ಬೀಜ ತೆಗೆಯಬಹುದು, ಮೂಸಬಾರದು. ಹುಣಸೆ ಪಾನಕದ ಲೋಟವನ್ನು ಗದ್ದದ ಮಟ್ಟಕ್ಕಿಂತ ಮೇಲಕ್ಕೆ ಎತ್ತಬಾರದು.

(ಇ) ಕಿವಿ ಮಂದವಿರುವವರು ಹೊಗೆ ನೋಡುವುದನ್ನು ಬಿಟ್ಟು, ಕಿವಿ ಕೇಳುವ ನೆರೆಯವರೊಬ್ಬರ ದವಡೆಯನ್ನು ಗಮನಿಸತಕ್ಕದ್ದು. ನೆರೆಯವರು ಕಿಟಕಿ ಹಾಕಿಕೊಂಡರೆ ಇಲಾಖೆ ಜವಾಬ್ದಾರಿಯಲ್ಲ.

(ಈ) ತೆರೆಯ ಮೇಲೆ ಫಿರಂಗಿ ಸಿಪಾಯಿಗಳು ಸದ್ದು ಬರುವಷ್ಟರಲ್ಲಿ ಊಟಕ್ಕೆ ಕುಳಿತಿರುವುದು ಕಂಡುಬರುತ್ತದೆ. ಅವರನ್ನು ಅನುಸರಿಸಬಾರದು. ಅವರು ಚಿತ್ರೀಕರಣದ ದಿನ ಸರಿಯಾದ ಹೊತ್ತಿಗೇ ಉಂಡಿದ್ದಾರೆಂದು ವಿಚಾರಣೆಯಿಂದ ದೃಢಪಟ್ಟಿದೆ.

(ಉ) ಢಮ್ಮೆನ್ನುವ ಸದ್ದು ಈಗ ಸಿಪಾಯಿಯೊಬ್ಬ ಸಾರಿನ ಪಾತ್ರೆಯ ಮುಚ್ಚಳ ತೆಗೆಯುವ ದೃಶ್ಯಕ್ಕೆ ಸರಿಯಾಗಿ ಬೀಳುತ್ತಿದೆ. ಮುಲೂಖಿಯಾ ಸೊಪ್ಪಿನ ಸಾರು ಸಿಡಿಯುವ ಪದಾರ್ಥವಲ್ಲವೆಂದು ಮಕ್ಕಳಿಗೆ ಮನವರಿಕೆ ಮಾಡಿಕೊಡುವುದು.

(ಊ) ಗಂಡ ಹೊಗೆಗೆ, ಹೆಂಡತಿ ಸದ್ದಿಗೆ ಉಪವಾಸ ಬಿಡುವ ಮನೆಗಳಲ್ಲಿ ಊಟದ ಮೇಜಿನ ನಡುವೆ ಪರದೆ ಕಟ್ಟತಕ್ಕದ್ದು. ಪರದೆ ಬಟ್ಟೆಯನ್ನು ಇಲಾಖೆ ಒದಗಿಸುವುದಿಲ್ಲ.

5. ಸೂರ್ಯಾಸ್ತವನ್ನು ಇಪ್ಪತ್ನಾಲ್ಕು ಸೆಕೆಂಡ್ ಹಿಂದಕ್ಕೆ ತಂದು ಹೊಗೆಗೆ ಹೊಂದಿಸುವಂತೆ ಸಂಬಂಧಪಟ್ಟವರಿಗೆ ಪತ್ರ ಬರೆಯಲಾಗಿದೆ. ಸಂಬಂಧಪಟ್ಟವರು ಯಾರೆಂದು ಪರಿಶೀಲನೆಯಲ್ಲಿದೆ.

6. ಸೇರ್ಪಡೆ: ಸುತ್ತೋಲೆಗೆ ಮೊಹರು ಬಿದ್ದ ಮೇಲೆ ಒಂದು ಬೆಳವಣಿಗೆ ನಡೆದಿದೆ. ಮೊಹರು ಬಿದ್ದ ಕಾಗದವನ್ನು ಹರಿಯಲು ಬಾರದಿರುವುದರಿಂದ ಅದನ್ನು ಇಲ್ಲಿಯೇ ಬರೆಯಲಾಗುತ್ತಿದೆ. ನಿನ್ನೆ ಸಂಜೆ ನಿರ್ದೇಶಕರು ಔತಣಕ್ಕೆ ಹೋಗಿದ್ದ ಸಮಯ ನೋಡಿಕೊಂಡು ಸದರಿ ಇಂಜಿನಿಯರ್ ಅನುಮತಿಯಿಲ್ಲದೆ ಸದ್ದನ್ನು ಚಿತ್ರದಷ್ಟೇ ಓಡಿಸಿ, ಕಾರ್ಯಕ್ರಮವನ್ನು ತಡವಾಗಿ ಶುರು ಮಾಡಿರುತ್ತಾರೆ. ಹೊಗೆ, ಸದ್ದು, ಸೂರ್ಯಾಸ್ತ ಮೂರೂ ಒಟ್ಟಿಗೆ ಆದವು. ಅವರಿಗೆ ಅಮಾನತಿನ ಆದೇಶ ಬರೆಯುತ್ತಿರುವಾಗ ಕಚೇರಿಗೆ ದೂರವಾಣಿ ಕರೆ ಬಂದು, ಅದನ್ನು ನಿರ್ದೇಶಕರೇ ಸ್ವೀಕರಿಸಿದರು. ಮಾತನಾಡಿದವರು ಹಾಗ್ಗಾ ತಫೀದಾ:

"ಸಾಹೇಬ್ರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ! ನಿನ್ನೆ ತಂಗಿ ಮನೇಲೇ ನೋಡ್ದೆ, ಹೊಗೆ, ಸದ್ದು ಎರಡೂ ಒಟ್ಟಿಗೇ ಬಂದ್ಬಿಡ್ತು. ಖರ್ಜೂರ ಬಾಯಲ್ಲಿ ಇಟ್ಕೊಂಡೇ ಟ್ಯಾಕ್ಸಿ ಹಿಡ್ದೆ. ನಮ್ಮವರು ಒಬ್ರೇ ತಣ್ಣಗಾದ ಸಾರು ಮುಂದಿಟ್ಕೊಂಡು ಕೂತಿದ್ರು, ನೋಡಿ ಅಳುನೇ ಬಂತು. ಅಂದಹಾಗೆ, ಅದ್ರಲ್ಲಿ ವಿವರಣೆ ಓದೋರಿಗೆ ಮೂಗು ಕಟ್ಟಿತ್ತಲ್ಲ, ಪಾಪ, ಇಷ್ಟು ವರ್ಷ? ನಿನ್ನೆ ನೆಗಡಿ ಪೂರ್ತಿ ಬಿಟ್ಟಿತ್ತು. ಯಾವ ಕಷಾಯ ಕುಡಿದ್ರು ಅಂತ ಕೇಳಿ ಹೇಳ್ತೀರಾ?"

7. ನಿರ್ದೇಶಕರಿಗೆ ಯಾವ ಕಾಲದಲ್ಲೂ ನೆಗಡಿ ಇರಲಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

8. ನಿನ್ನೆಯ ಏರ್ಪಾಡನ್ನೇ ಮುಂದುವರಿಸತಕ್ಕದ್ದು. ಕಂಡಿಕೆ 4 ಮತ್ತು 5ನ್ನು ಯಾರೂ ಓದಿಲ್ಲವೆಂದು ಭಾವಿಸಲಾಗಿದೆ. ಅಮಾನತಿನ ಆದೇಶ ಅರ್ಧಕ್ಕೇ ನಿಂತಿರುವುದರಿಂದ ಇಂಜಿನಿಯರ್ ಇನಾಯತ್ ಶಹೀನ್ ಎಂದಿನಂತೆ ಕೆಲಸಕ್ಕೆ ಬರತಕ್ಕದ್ದು.

(ಸಹಿ)
ಮಿದ್‌ಹತ್ ಅಲ್-ಬರ್ದೀಸಿ
ನಿರ್ದೇಶಕರು

ಪ್ರತಿಗಳು:
1. ಪ್ರಸಾರ ಕೊಠಡಿಗೆ, ಗೋಡೆಗೆ ಅಂಟಿಸಲು.
2. ಧ್ವನಿ ಇಂಜಿನಿಯರ್ ಅವರಿಗೆ, ನಗದೆ ಓದಲು.
3. ನಿರ್ದೇಶಕರ ಶ್ರೀಮತಿಯವರಿಗೆ, ಕಂಡಿಕೆ 7ನ್ನು ಮಾತ್ರ.
4. ಹಾಗ್ಗಾ ತಫೀದಾ ಮತ್ತು ಅವರ ಯಜಮಾನರಾದ ಉಸ್ತಾದ್ ವಗ್ದಿ ಅವರಿಗೆ. ರೋಡ್ ಅಲ್-ಫರಗ್‌ಗೆ ಒಂದು, ಶುಬ್ರಾಕ್ಕೆ ಒಂದು ಎಂದು ಎರಡು ಪ್ರತಿ ತಯಾರಾಗಿದ್ದವು; ಈಗ ಒಂದೇ ಸಾಕು.