ಹೂಡಿಯ ಗೂಬೆಗೆ ಬರೆದ ಎರಡು ಪುಟ

ಗೂಪ್... ಗೂಪ್... ಗೂಪ್... ಖಾಲಿ ಕೊಡದೊಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ. ಹೂಡಿಗೆ ಬಾಡಿಗೆಗೆ ಬಂದ ಹೊಸತರಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಬೇಲಿಯ ಕಡೆಯಿಂದ ಬರುತ್ತಿದ್ದ ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಹೇಳಿಕೊಟ್ಟ ಇಂಗ್ಲೆಂಡಿನ ಹಕ್ಕಿಗಳನ್ನೇ ನಂಬಿಕೊಂಡು ರೊಮ್ಯಾಂಟಿಕ್ ಕಾವ್ಯದ ಮೇಲೆ ಥೀಸಿಸ್ ಬರೆದು, ಮೂವತ್ತು ವರ್ಷ ಪಾಠ ಮಾಡಿ, ಅವುಗಳಲ್ಲಿ ಒಂದನ್ನೂ ಕಣ್ಣಾರೆ ನೋಡದೆ ರಿಟೈರ್ ಆದೆ. ಇಲ್ಲಿಗೆ ಬಂದು ನಿಸರ್ಗದ ಬಗ್ಗೆ ಬರೆಯುವಾಗಲೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ನಗಬೇಡಿ, ಪಕ್ಕದಲ್ಲೇ ಟೆಕ್ ಪಾರ್ಕ್ ಏಳುತ್ತಿತ್ತು, ನನಗೋ ಡಸ್ಟ್ ಅಲರ್ಜಿ.

ಈ ವಯಸ್ಸಿನಲ್ಲಿ ಬರೆದ ಒಂದೇ ಪುಸ್ತಕದ ಕೊನೆಯ ಅಧ್ಯಾಯ ನಮ್ಮ ಬೇಲಿಯದು. ಆ ದನಿಯನ್ನು ಹಗಲಲ್ಲೂ ಅಳುವ ಗೂಬೆಯದೆಂದು ತೀರ್ಮಾನಿಸಿ ಎರಡು ಪುಟ ಮೆಲಾಂಕಲಿ ಸುರಿದಿದ್ದೆ. ಮರುದಿನ ಪ್ರೂಫ್ ಪ್ರೆಸ್ಸಿಗೆ ಹೋಗಬೇಕು, ಅಷ್ಟರಲ್ಲಿ ಮನೆ ಓನರ್ ಮುನಿಯಕ್ಕ ಅವರೆಕಾಯಿ ಕೊಡಲು ಬಂದರು. ಟೆಕ್ ಪಾರ್ಕಿನ ಜಾಗದಲ್ಲಿ ರಾಗಿ ಬೆಳೆದಿದ್ದವರು. ಜಂಬಕ್ಕೆ ಆ ಪುಟಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದೆ.

"ಗೂಬೆನಾ? ಯಾರು ಯೋಳಿದ್ದು ನಿಂಗೆ?"

"ದನಿ ಎಷ್ಟು ಸ್ಯಾಡ್ ಆಗಿದೆಯಲ್ಲ, ಮುನಿಯಕ್ಕ."

"ಸ್ಯಾಡೂ ಇಲ್ಲ, ಏನೂ ಇಲ್ಲ. ಎಂಡ್ತೀನ ಕರೀತಾ ಐತೆ! ರತ್ನಪಕ್ಷಿ ಕಣಮ್ಮ ಅದು. ಬೆಳಗ್ಗೆ ಅದ್ರ ಮುಖ ನೋಡಿದ್ರೆ ಒಳ್ಳೇದಾಯ್ತದೆ. ಇಷ್ಟೊಂದು ಓದಿದ್ದೀಯ, ಎದ್ದು ಕಿಟಕಿ ತೆಗ್ಯಕ್ಕೆ ಏನು ರೋಗ?"

ತೆಗೆದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಸೈಟು ನೋಡಲು ಬಂದ ಇಂಜಿನಿಯರನಂತೆ ಬೇಲಿಯ ಬುಡದಲ್ಲಿ ಗತ್ತಿನಿಂದ ನಡೆಯುತ್ತಿತ್ತು. ದುಃಖದ ಸುಳಿವೇ ಇಲ್ಲ. ಎರಡೂ ಪುಟ ಹೊಡೆದು ಹಾಕಿದೆ. ಇಲ್ಲದಿದ್ದರೆ ನನ್ನ ಹಳೆಯ ಸ್ಟೂಡೆಂಟ್ಸೇ ನಗುತ್ತಿದ್ದರು.

ಪುಸ್ತಕ ಬಂದಾಗ ನೋಡಿದರೆ, ಕೃತಜ್ಞತೆಯ ಪುಟದಲ್ಲಿ ಹನ್ನೊಂದು ಪ್ರೊಫೆಸರ್‌ಗಳು, ನಾಲ್ಕು ಲೈಬ್ರರಿಗಳು. ಮುನಿಯಕ್ಕ ಇಲ್ಲ! ನಾಚಿಕೆಯಿಂದ ಪೆನ್ನಲ್ಲಿ ಅವರ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದು, ಒಂದು ಪ್ರತಿ ಕೊಟ್ಟು, ತಪ್ಪೊಪ್ಪಿಕೊಂಡೆ. ಅವರು ಸರ್ಜಾಪುರದ ಮಗಳ ಮನೆಗೆ ಹೊರಟಿದ್ದರು. ಪುಟ ತಿರುವಿ, "ಇದ್ರಾಗೆ ಆ ಪಕ್ಷಿ ಪಟಾನೇ ಇಲ್ವಲ್ಲಮ್ಮ?" ಎಂದರು.

ಗೇಟಿನ ಬಳಿ ಆಟೋ ಕಾಯುತ್ತಿತ್ತು. ಅವರನ್ನು ಬೀಳ್ಕೊಟ್ಟು ನಾನು ಒಳಗೆ ಬಂದೆ. ಬೇಲಿಯಲ್ಲಿ ಗೂಪ್ ಎಂದಿತು. ಮುನಿಯಕ್ಕ ನಿಂತರು, ನನ್ನ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಆ ಕಡೆಗೆ ಕೈಮುಗಿದರು. ಸರ್ಜಾಪುರದಿಂದ ಅವರು ಮರಳಿ ಬರಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ. ನೋಡಿದ್ದೂ ಮುಚ್ಚಿದ ಕಿಟಕಿಯ ಗಾಜಿನ ಈಚೆಯಿಂದ, ಆವತ್ತೂ ಧೂಳಿತ್ತು ನೋಡಿ.