ಹಿತ್ತಲ ಮನೆಯ ದೀಪದವರಿಗೆ, ಕಳೆದುಹೋದ ಆನೆಯ ವಿಚಾರವಾಗಿ

ನಮ್ಮ ಹಿತ್ತಲ ಮನೆಯ ನಡುಕೋಣೆಯ ಚಾವಣಿಯಲ್ಲಿ ವಿರಾಜಮಾನರಾಗಿರುವ, ಯಾರೂ ಮುಟ್ಟದೆಯೇ ಹೊತ್ತಿಕೊಂಡು ಯಾರನ್ನೂ ಕೇಳದೆಯೇ ಆರಿಹೋಗುವ ಮಾನ್ಯ ದೀಪದವರೇ,

ತಾವೂ, ತಮ್ಮ ಪಕ್ಕದಲ್ಲಿ ಮಿಣುಕುವ ಆ ಕೆಂಪು ಕಣ್ಣೂ ಕ್ಷೇಮವೆಂದು ಭಾವಿಸುತ್ತೇನೆ. ಈ ಪತ್ರವನ್ನು ತಮ್ಮ ಎದುರಿನ ಗೋಡೆಗೇ ಅಂಟಿಸುತ್ತಿರುವುದರಿಂದ ಬಾಡಿಗೆಗೆ ಬರುವ ಅತಿಥಿಗಳೂ ಓದಿಕೊಳ್ಳಬಹುದು. ಓದುವಾಗ ಆಗಾಗ ಕೈಕಾಲು ಆಡಿಸುತ್ತಿರಬೇಕೆಂದು ಅವರಲ್ಲಿ ವಿನಂತಿ.

ತಾವು ನಮ್ಮಲ್ಲಿಗೆ ಬಂದದ್ದು ನಮ್ಮ ಯಜಮಾನರ ಹಂಬಲದಿಂದ. ಹಿತ್ತಲಿನ ಹಳೆಯ ಮರಗೆಲಸದ ಶೆಡ್ಡನ್ನು ರಜೆಗೆ ಬರುವವರ ಪುಟ್ಟ ಬಾಡಿಗೆ ಮನೆಯಾಗಿ ಮಾಡುವಾಗ, ಅದರಿಂದ ಭೂಮಿಗೆ ಒಂದಿಷ್ಟೂ ಭಾರವಾಗಬಾರದೆಂದು ಅವರು ಹಟ ಹಿಡಿದರು. ಸ್ನಾನದ ನೀರು ಬಿಸಿಲಿಗೇ ಕಾಯುತ್ತದೆ, ಪಾತ್ರೆ ತೊಳೆದ ನೀರು ಗಿಡಗಳಿಗೆ ಹೋಗುತ್ತದೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿ ಸೇರುತ್ತದೆ, ಮಂಚಗಳೂ ಶೆಡ್ಡಿನ ಹಳೆಯ ಹಲಗೆಗಳಿಂದಲೇ ಎದ್ದು ನಿಂತಿವೆ. ಇದಕ್ಕೆಲ್ಲ ನಾನೂ ಖುಷಿಯಿಂದ ಟೊಂಕ ಕಟ್ಟಿ ನಿಂತೆ. ಕೊನೆಗೆ ಅವರು ಗೋಡೆಯ ಸ್ವಿಚ್ಚನ್ನು ಕಿತ್ತು, ಅಲುಗಾಟ ಕಂಡರೆ ಮಾತ್ರ ಬೆಳಗುವ ತಮ್ಮನ್ನು ಪ್ರತಿಷ್ಠಾಪಿಸಿ, "ಇನ್ನು ಖಾಲಿ ಕೋಣೇಲಿ ದೀಪ ಉರಿಯೋ ಮಾತೇ ಇಲ್ಲ ಕಣೇ" ಎಂದು ಬೀಗಿದರು.

ಆ ಮಾತನ್ನು ತಾವು ಶಿರಸಾವಹಿಸಿ ನಡೆಸಿಕೊಂಡು ಬಂದಿದ್ದೀರಿ. ತಮ್ಮ ದೃಷ್ಟಿಯಲ್ಲಿ ಅಲುಗಾಡದೆ ಕೂತವರು ಇಲ್ಲದವರಿಗೆ ಸಮಾನ. ಓದಲೆಂದೇ ಬಂದಿದ್ದ ದಾದಿಯೊಬ್ಬರು ಪುಟಪುಟಕ್ಕೂ ತಲೆ ಕೊಡವುತ್ತ ಕಾದಂಬರಿ ಮುಗಿಸಿ, ಕಥೆಗಿಂತ ಹೆಚ್ಚಾಗಿ ಕತ್ತುನೋವು ಹೊತ್ತು ಊರಿಗೆ ಮರಳಿದರು. ಅದೇ ಪಕ್ಕದ ಮನೆಯ ಬೆಕ್ಕು ಕಿಟಕಿಯಿಂದ ನುಸುಳಿದರೆ ಮಹಾರಾಜರೇ ಬಂದರೆಂಬಂತೆ ಬೆಳಗುತ್ತೀರಿ. ತಮ್ಮ ಈ ಸಮದೃಷ್ಟಿಗೆ ನಾನು ತಲೆಬಾಗಿ ಸುಮ್ಮನಿದ್ದೆ.

ಆದರೆ ಈ ವಾರ ಬಂದವರು ಇಬ್ಬರು ಹಿರಿಯರು. ಒಬ್ಬರು ನಿವೃತ್ತ ರೈಲ್ವೆ ಗಾರ್ಡ್, ಇನ್ನೊಬ್ಬರು ನಿವೃತ್ತ ದಂತವೈದ್ಯರು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯರು. ದೂರದ ಎರಡು ಊರುಗಳಲ್ಲಿದ್ದುಕೊಂಡು ಇಷ್ಟು ವರ್ಷ ಫೋನಿನಲ್ಲೇ ಚದುರಂಗದ ನಡೆಗಳನ್ನು ಕೂಗಿ ಹೇಳುತ್ತಿದ್ದ ಇವರು, ಎದುರುಬದುರು ಕೂತು ಮನಸೋ ಇಚ್ಛೆ ಆಡಬೇಕೆಂಬ ಒಂದೇ ಆಸೆಯಿಂದ ನಮ್ಮಲ್ಲಿಗೆ ಬಂದಿದ್ದರು. ಆದರೆ ಚದುರಂಗವೆಂಬುದು ಅಲುಗಾಡದೆ ಕೂತು ಆಡುವ ಆಟ. ಡಾಕ್ಟರು ಗಲ್ಲಕ್ಕೆ ಕೈ ಕೊಟ್ಟು ಯೋಚನೆಗೆ ಇಳಿದೊಡನೆ ತಾವು ಕಣ್ಣು ಮುಚ್ಚಿದಿರಿ. ಗಾರ್ಡ್ ಸಾಹೇಬರು ಕೈ ಬೀಸಿದರು, ತಾವು ಎದ್ದಿರಿ. ಮತ್ತೆ ಮುಚ್ಚಿದಿರಿ, ಮತ್ತೆ ಅವರೇ ಬೀಸಿದರು. ಹೀಗೆ ಎಷ್ಟನೆಯ ಸಲವೋ ಬೆಳಕು ಮರಳಿದಾಗ, ಹಲಗೆಯ ಮೇಲಿದ್ದ ಗಾರ್ಡ್ ಸಾಹೇಬರ ಆನೆ ಮಾಯವಾಗಿತ್ತು.

"ನನ್ನ ಆನೆ ಎಲ್ಲೋ?" ಎಂಬ ಕೂಗು ನಮ್ಮ ಅಡುಗೆಮನೆಯವರೆಗೂ ಕೇಳಿತು.

"ನಿನ್ನ ಆನೆ ನಾನ್ಯಾಕೆ ಮುಟ್ಲಿ?" ಎಂದರು ಡಾಕ್ಟರು.

"ಜೀವಮಾನವೆಲ್ಲ ಹಲ್ಲು ಕಿತ್ತೂ ಕಿತ್ತೂ ನಿನ್ನ ಕೈ ಸುಮ್ನಿರಲ್ಲ, ಅದಕ್ಕೇ!"

ಆಮೇಲೆ ಮಾತೇ ಇಲ್ಲ. ರಾಜಿಯಾಗಿ ವಾಕಿಂಗ್ ಹೋಗಿರಬೇಕು ಎಂದುಕೊಂಡು ನಾನು ಒಲೆಯ ಕಡೆ ತಿರುಗಿದೆ. ಊಟಕ್ಕೆ ಕರೆಯಲು ನಮ್ಮ ಅತ್ತೆಯವರು ಹೋಗಿ ಬಾಗಿಲು ತಳ್ಳಿದಾಗ, ಅವರ ಹೆಜ್ಜೆಗೆ ತಾವು ಹೊತ್ತಿಕೊಂಡಿರಿ ನೋಡಿ. ಇಬ್ಬರೂ ಆ ಕತ್ತಲಲ್ಲಿ ಎದುರುಬದುರು ಮುಖ ಊದಿಸಿಕೊಂಡು ಕೂತೇ ಇದ್ದರು!

"ನಾನ್ಯಾಕೆ ಕೈ ಬೀಸ್ಲಿ? ಸರ್ವೀಸೆಲ್ಲ ಬಾವುಟ ಬೀಸಿದ್ದು ಸಾಲದಾ?" ಎಂದರು ಗಾರ್ಡ್ ಸಾಹೇಬರು. ಜಗಳದ ಬಿಸಿಯಲ್ಲೇ ತುಂಬಿಟ್ಟ ಅವರ ಚೀಲ ಕಾಲ ಬಳಿ ನಿಂತಿತ್ತು. "ನಾನು ಹೊರಟೆ ಅಮ್ಮಾ. ಕಳ್ಳನ ಜೊತೆ ಆಡಲ್ಲ."

ಅತ್ತೆಯ ಹಿಂದೆಯೇ ಬಂದಿದ್ದ ನಾನು ಬಾಗಿಲಿಗೆ ಅಡ್ಡ ನಿಂತೆ. ಬಾಡಿಗೆ ಹೋದರೆ ಹೋಗಲಿ. ಅಷ್ಟು ಹಳೆಯ ಸ್ನೇಹ ನಮ್ಮ ಚಾವಣಿಯ ಕೆಳಗೆ ಮುರಿದುಬಿದ್ದರೆ ಯಾವ ಮುಖ ಹೊತ್ತು ಇನ್ನೊಬ್ಬ ಅತಿಥಿಯನ್ನು ಕರೆಯಲಿ? ಅತ್ತೆ ಮಾತ್ರ, "ಹೊರಡೋದಾದ್ರೆ ಊಟ ಮಾಡ್ಕೊಂಡು ಹೊರಡಿ, ಏಳಿ" ಎಂದು ಕುರ್ಚಿಯ ಪಕ್ಕದಲ್ಲಿದ್ದ ಚಪ್ಪಲಿಗಳನ್ನು ಅವರತ್ತ ಸರಿಸಿದರು. ಕಾಲು ತೂರಿಸಿದ ಗಾರ್ಡ್ ಸಾಹೇಬರು ಚೀರಿ ಎಗರಿದರು. ಚಪ್ಪಲಿಯ ಒಳಗೆ ಆನೆ! ತಮ್ಮನ್ನು ಎಬ್ಬಿಸಲು ಬೀಸಿದ ಅವರದೇ ತೋಳು ಅದನ್ನು ಹಾರಿಸಿತ್ತು.

ಅವರು ಆನೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ಡಾಕ್ಟರು ಒಂದು ಗಳಿಗೆ ನೋಡಿ, "ರೈಲನ್ನ ಒಂದು ದಿನಾನೂ ಹಳಿ ತಪ್ಪಿಸದೋನು, ಆನೇನ ತಪ್ಪಿಸಿಬಿಟ್ಯಲ್ಲೋ" ಎಂದರು. ಗಾರ್ಡ್ ಸಾಹೇಬರಿಗೆ ಮೊದಲು ಕಣ್ಣು ತುಂಬಿತು, ಆಮೇಲೆ ನಗು ಉಕ್ಕಿತು. ಇಬ್ಬರೂ ಒಬ್ಬರ ಹೆಗಲನ್ನು ಇನ್ನೊಬ್ಬರು ಹಿಡಿದು ಎಷ್ಟು ಅಲುಗಾಡಿ ನಕ್ಕರೆಂದರೆ, ಅಷ್ಟು ಹೊತ್ತೂ ತಾವು ಆರಲಿಲ್ಲ. ಅದಕ್ಕಾಗಿ ತಮಗೆ ಕೃತಜ್ಞಳು.

ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ, ಇನ್ನು ಮುಂದೆ ಯೋಚನೆಯನ್ನೂ ಒಂದು ಬಗೆಯ ಚಲನೆಯೆಂದು ದಯವಿಟ್ಟು ಪರಿಗಣಿಸಬೇಕು. ಹುಬ್ಬು ಗಂಟಿಕ್ಕಿದರೆ ಅದನ್ನು ಓಡಾಟವೆಂದೇ ತಿಳಿಯಬೇಕು. ಆರುವ ಮುನ್ನ ಸಭ್ಯರಂತೆ ಒಮ್ಮೆ ಕೆಮ್ಮಬೇಕು. ಇದು ಸಾಧ್ಯವಿಲ್ಲವೆಂದಾದರೆ, ಬಚ್ಚಲಿಗೆ ಹೋಗುವ ಓಣಿಗೆ ತಮ್ಮನ್ನು ಬಡ್ತಿಯ ಮೇಲೆ ವರ್ಗಾಯಿಸಲಾಗುವುದು. ಅಲ್ಲಿ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಯಜಮಾನರು ಗೊಣಗುತ್ತಲೇ ಏಣಿ ಹುಡುಕುತ್ತಿದ್ದಾರೆ.

ಕೈ ಬೀಸುತ್ತಲೇ ಇದನ್ನು ಬರೆದು ಮುಗಿಸಿದ,
ತಮ್ಮ ವಿಶ್ವಾಸಿ,
ಹಿತ್ತಲ ಮನೆಯ ಒಡತಿ

ಮಾರನೆಯ ದಿನ ಸೇರಿಸಿದ ಮಾತು: ತಾವು ಓಣಿಗೆ ಹೋದಿರಿ, ನಡುಕೋಣೆಗೆ ಮಾಮೂಲಿ ಸ್ವಿಚ್ಚು ಬಂತು. ಇವತ್ತು ಸಂಜೆ ಇಬ್ಬರು ಗೆಳೆಯರೂ ದೀಪ ಉರಿಯುತ್ತಲೇ ಬಿಟ್ಟು ವಾಕಿಂಗ್ ಹೋಗಿದ್ದರು. ತಾವು ಬೀಗಬೇಡಿ, ನಾನೇ ಹೋಗಿ ಆರಿಸಿದೆ. ಆರಿಸುವ ಮುನ್ನ, ಒಳಗೆ ಯಾರಾದರೂ ಸುಮ್ಮನೆ ಕೂತಿದ್ದಾರೆಯೇ ಎಂದು ಒಮ್ಮೆ ಇಣುಕಿ ನೋಡಿದೆ. ತಮಗೂ ನನಗೂ ಇರುವ ವ್ಯತ್ಯಾಸ ಅಷ್ಟೇ.